ಮಿಷಿನ್ ಯಲ್ಲಮ್ಮನ ಅಳತೆ ರವಿಕೆಗಳು

ಯಲ್ಲಮ್ಮ ತೀರಿಕೊಂಡ ಹನ್ನೊಂದನೇ ದಿನ, ತಿಥಿಯ ಬೆಳಗ್ಗೆ, ಊರ ಬಾಗಿಲಲ್ಲಿ ನಿಲ್ಲಿಸಿದ್ದ ಫ್ಲೆಕ್ಸ್ ನೋಡಿದಾಗ ಸೊಸೆ ಮಾಲಾಗೆ ಮೊದಲು ಅತ್ತೆಯ ಗುರುತೇ ಹತ್ತಲಿಲ್ಲ. ಮುಖವೇನೋ ಅತ್ತೆಯದೇ. ವೋಟರ್ ಕಾರ್ಡಿನಿಂದ ಕಿತ್ತು ತಂದದ್ದು, ಯಾರನ್ನೋ ಬೈಯಲು ಬಾಯಿ ತೆರೆಯುವುದಕ್ಕೆ ಒಂದು ಕ್ಷಣ ಮುಂಚಿನ ಮುಖ. ಕತ್ತಿನಿಂದ ಕೆಳಗೆ ಮಾತ್ರ ಬೇರೆ ಯಾವಳೋ ಹೆಂಗಸು. ಹಸಿರು ರೇಷ್ಮೆ ಸೀರೆ, ಮೂರೆಳೆ ಸರ. ರಿಚ್ ಆಗಿ ಕಾಣಲಿ ಎಂದು ಸ್ಟುಡಿಯೋದವನು ಅಂಟಿಸಿದ ಬಾಡಿಗೆ ಮೈ ಅದು. ಆ ಮೈಮೇಲಿನ ರವಿಕೆಯೋ, ಭುಜದ ಹತ್ತಿರ ಸುಕ್ಕು, ಕಂಕುಳಲ್ಲಿ ಎಳೆತ. ಐವತ್ತು ವರ್ಷ ಊರಿಗೆಲ್ಲ ರವಿಕೆ ಹೊಲಿದವಳಿಗೆ ಕೊನೆಯಲ್ಲಿ ಇಂಥ ಕೆಟ್ಟ ಹೊಲಿಗೆಯ ರವಿಕೆ ತೊಡಿಸಿದ್ದರು. ಅತ್ತೆ ಇದನ್ನು ನೋಡಿದ್ದರೆ ಇನ್ನೊಂದು ಸಲ ಸಾಯುತ್ತಿರಲಿಲ್ಲ, ಸ್ಟುಡಿಯೋದವನನ್ನು ಸಾಯಿಸುತ್ತಿದ್ದಳು.

ಫ್ಲೆಕ್ಸ್ ಹಾಕಿಸಿದವನು ಯಲ್ಲಮ್ಮನ ಕಿರಿಮಗ ವಿಜಯ್ ಕುಮಾರ್. ಸಹಕಾರನಗರದಲ್ಲಿ ಮನೆ, ಯಲಹಂಕದ ಸುತ್ತಮುತ್ತ ಸೈಟಿನ ವ್ಯವಹಾರ, ಬರುವ ಪಂಚಾಯಿತಿ ಚುನಾವಣೆಯಲ್ಲಿ ಹುಟ್ಟೂರಿನ ಸೇವೆಗೆ ಇಳಿಯಬೇಕೆಂಬ ತಡೆಯಲಾರದ ಹಂಬಲ. ಹಾಗಾಗಿ ಫ್ಲೆಕ್ಸಿನಲ್ಲಿ ತಾಯಿಯ ಫೋಟೋ ಮೊರದಷ್ಟಗಲ, ಕೈಮುಗಿದು ನಿಂತ ಮಗನ ಫೋಟೋ ಬಾಗಿಲಿನಷ್ಟೆತ್ತರ. ದಾರಿಹೋಕರು ನೋಡಿದರೆ ತೀರಿಕೊಂಡವನು ಇವನೇ ಅಂದುಕೊಳ್ಳಬೇಕು. ಕೆಳಗೆ 'ಗ್ರಾಮೀಣ ಮಹಿಳಾ ಉದ್ಯಮಿ, ಮೃದು ಮಾತಿನ ಮಮತಾಮಯಿ' ಎಂದು ಬರೆಸಿದ್ದ. ಮೃದು ಮಾತು! ಮಾಲಾ ಅದನ್ನು ಎರಡು ಸಲ ಓದಿದಳು, ತಾನು ಬೇರೆ ಯಾರದ್ದೋ ತಿಥಿಗೆ ಬಂದಿಲ್ಲ ತಾನೇ ಎಂದು.

ಹೆಸರಘಟ್ಟ ಕೆರೆಯ ಆಚೆಗಿರುವ ಆ ಊರಲ್ಲಿ ಅವಳನ್ನು ಯಾರೂ ಬರೀ ಯಲ್ಲಮ್ಮ ಎಂದವರಲ್ಲ. ಮಿಷಿನ್ ಯಲ್ಲಮ್ಮ. ಮದುವೆಯಲ್ಲಿ ತವರಿನವರು ಓಲೆ ಬೇಕೋ ಬಳೆ ಬೇಕೋ ಎಂದಾಗ ಎರಡೂ ಬೇಡ, ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷಿನ್ ಕೊಡಿ ಎಂದು ಹಟ ಹಿಡಿದು, ಎತ್ತಿನ ಗಾಡಿಯಲ್ಲಿ ಅದರ ಪಕ್ಕ ಕೂತು ಬಂದವಳು. ಗಂಡ ಸಾಧು ಪ್ರಾಣಿ. ಬದುಕಿದ್ದಷ್ಟು ದಿನ ಅವನು ಮಾಡಿದ ದೊಡ್ಡ ಕೆಲಸವೆಂದರೆ ಆ ಮಿಷಿನ್ನಿಗೆ ಎಣ್ಣೆ ಬಿಟ್ಟಿದ್ದು. ಉಳಿದದ್ದೆಲ್ಲ ಯಲ್ಲಮ್ಮನದೇ. ಯಾವ ಹಸು ಮಾರಬೇಕು, ಯಾವ ಮಗ ಎಲ್ಲಿಯವರೆಗೆ ಓದಬೇಕು, ಯಾವ ನೆಂಟರಿಗೆ ಕಾಫಿ, ಯಾವ ನೆಂಟರಿಗೆ ಬರೀ ನೀರು, ಎಲ್ಲವೂ ಜಗಲಿಯ ಮೇಲಿನ ಮಿಷಿನ್ ಮುಂದೆಯೇ ತೀರ್ಮಾನವಾಗುತ್ತಿತ್ತು. ಮಿಷಿನ್ ಓಡುತ್ತಿದ್ದರೆ ಮನೆಗೆ ನೆಮ್ಮದಿ. ಓಡುತ್ತಿದ್ದದ್ದು ನಿಂತರೆ ಯಾರದ್ದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಬಾಯಿಯಂತೂ ಕತ್ತರಿಗಿಂತ ಹರಿತ. ಬೆನ್ನು ಅಗಲವಾಗಿ ಇಳಿಸಿ ಎಂದ ಮದುವೆ ಹುಡುಗಿಗೆ, "ಯಾಕವ್ವ, ಬೆನ್ ಮ್ಯಾಲೆ ರಾಗಿ ಒಣಾಕ್ತೀಯ?" ಎಂದು ಕೇಳಿದವಳು. ಇಪ್ಪತ್ತೇಳು ವರ್ಷ ಪಕ್ಕದಲ್ಲಿ ಕೂತು ಅಂಚು ಮಡಿಸಿ, ಹುಕ್ಕು ಹಚ್ಚಿ, ಕಾಜ ಹಾಕಿದ ಮಾಲಾಗೆ ಅವಳು 'ಪರವಾಗಿಲ್ಲ' ಎಂದದ್ದು ಒಂದೇ ಒಂದು ಸಲ. ಅದೂ ಉಪ್ಪಿನಕಾಯಿಗೆ. "ಕತ್ರಿ ಮುಟ್ಬ್ಯಾಡ, ಅದು ನಂದು" ಎಂಬ ಮಾತನ್ನು ಮಾತ್ರ ದಿನಕ್ಕೊಂದು ಸಲ ಮರೆಯದೆ ಹೇಳುತ್ತಿದ್ದಳು. ಮಾಲಾಗೆ ಅತ್ತೆಯನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲಿ ಮುಚ್ಚುಮರೆಯೇನೂ ಇಲ್ಲ, ಊರಿಗೇ ಗೊತ್ತಿದ್ದ ವಿಷಯ.

ಈಗ ಅಳತೆ ರವಿಕೆಯ ಸಂಗತಿ. ಗಂಡಸರಿಗೂ ಪೇಟೆಯ ಹೆಂಗಸರಿಗೂ ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅನಾಹುತವಾದದ್ದೇ ಅವರಿಂದ. ಊರಲ್ಲಿ ಯಾವ ಹೆಂಗಸೂ ಮೈಗೆ ಟೇಪು ಹಾಕಿಸಿಕೊಳ್ಳುವವಳಲ್ಲ, ನಾಚಿಕೆ. ಜನ್ಮದಲ್ಲಿ ಒಂದು ರವಿಕೆ ಮೈಗೆ ಸರಿಯಾಗಿ ಕೂತಿರುತ್ತದೆ. ಅದನ್ನು ತೊಡದೆ ಜೋಪಾನ ಮಾಡಿ ದರ್ಜಿಯ ಕೈಗೆ ಕೊಡುತ್ತಾರೆ, ಇದರ ಅಳತೆಗೆ ಹೊಲಿ ಎಂದು. ಯಲ್ಲಮ್ಮನ ಗಿರಾಕಿಗಳು ಪ್ರತಿಸಲ ತಂದು ಒಯ್ಯುವ ಗೋಜೇ ಬೇಡವೆಂದು ಅವಳ ಹತ್ತಿರವೇ ಬಿಟ್ಟಿದ್ದರು. ನಲವತ್ತು ಮನೆಯ ನಲವತ್ತು ರವಿಕೆ, ಒಂದು ಹಳೇ ಸೀರೆಯ ಗಂಟಿನಲ್ಲಿ, ಮಿಷಿನ್ ಕೆಳಗಿನ ಟ್ರಂಕಿನಲ್ಲಿ ಇದ್ದವು.

ಯಲ್ಲಮ್ಮನನ್ನು ತೋಟದಲ್ಲಿ ಮಣ್ಣು ಮಾಡುವ ದಿನ ಹಿರಿಯರೊಬ್ಬರು, "ಅವ್ಳ ಬಟ್ಟೆಬರೆ ಏನಿದ್ರೂ ಜೊತೇಲಿ ಆಕ್ಬೇಕು ಕಣ್ರಪ್ಪ" ಎಂದರು. ಮಾಲಾ ಒಳಗೆ ಬಂದವರನ್ನು ನೋಡಿಕೊಳ್ಳುತ್ತಿದ್ದಳು. ವಿಜಯನ ಹೆಂಡತಿ ಭಾವನಾ ಓಡಿಹೋಗಿ ಟ್ರಂಕು ತೆಗೆದು, ಗಂಟು ಬಿಚ್ಚಿ ನೋಡಿ, "ಪಾಪ ಅತ್ತೆ, ಎಷ್ಟು ಜೋಪಾನವಾಗಿ ಇಟ್ಕೊಂಡಿದ್ರು ನೋಡಿ" ಎಂದು ಕಣ್ಣೊರೆಸಿಕೊಂಡು ಗಂಡನ ಕೈಗೆ ಕೊಟ್ಟಳು. ಕಡ್ಡಿಯಂಥ ಮುದುಕಿಗೆ ನಲವತ್ತು ರವಿಕೆ, ಒಂದೊಂದೂ ಒಂದೊಂದು ಗಾತ್ರ. ಇದೇನೆಂದು ಕೇಳುವಷ್ಟು ಬುದ್ಧಿ ಅಲ್ಲಿದ್ದ ಇನ್ನೂರು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ವಿಜಯ್ ಕುಮಾರ್ ಗಂಟನ್ನು ತಾಯಿಯ ತಲೆಯ ಕೆಳಗೆ ಇಟ್ಟ. ಇಡುವುದನ್ನು ವಿಡಿಯೋ ಮಾಡಿಸಿ, 'ಅಮ್ಮನಿಗೆ ಕೊನೆಯ ದಿಂಬು' ಎಂದು ಬರೆದು ಸ್ಟೇಟಸ್ಸಿಗೆ ಹಾಕಿದ. ಊರ ಹೆಂಗಸರೆಲ್ಲ ಅದನ್ನು ನೋಡಿದರು. ತಮ್ಮ ತಮ್ಮ ರವಿಕೆಯ ಗುರುತು ಹಿಡಿದರು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ತಿಥಿಯವರೆಗೆ ಹಲ್ಲು ಕಚ್ಚಿಕೊಂಡಿದ್ದರು.

ಮಾಲಾಗಿದ್ದ ಚಿಂತೆಯೇ ಬೇರೆ, ಮಿಷಿನ್ನಿನದು. ಭಾವನಾ ಸಹಕಾರನಗರದ ಮನೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದಳು. ಮಿಷಿನ್ನಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗ್ರಾನೈಟ್ ಕೂರಿಸಿ ಹಾಲ್‌ನಲ್ಲಿ ವಾಶ್‌ಬೇಸಿನ್ ಮಾಡಿಸಿದರೆ ಅತ್ತೆಯ ನೆನಪು ಸದಾ ಹಸಿರಾಗಿರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ತಿಥಿಯ ಮಧ್ಯಾಹ್ನವೇ ಟೆಂಪೋ ಬರುವುದೆಂದು ಗೊತ್ತಾಗಿತ್ತು. ಮಾಲಾ ಗಂಡನಿಗೆ ಹೇಳಿ ನೋಡಿದಳು. ಹಿರಿಮಗ ಚಿಕ್ಕಹನುಮಯ್ಯ ಹಸು ಕರೆಯುತ್ತಾ ತಲೆ ಎತ್ತದೆ, "ತಗೊಂಡೋಗ್ಲಿ ಬಿಡೆ, ನಿಂಗೇನ್ ಕತ್ರ್ಸೋಕ್ ಬತ್ತದಾ?" ಎಂದಿದ್ದ.

ಬರುತ್ತಿತ್ತು. ಅದೇ ಅವಳು ಯಾರಿಗೂ ಹೇಳಲಾಗದ ವಿಷಯ. ಎರಡು ವರ್ಷದ ಹಿಂದೆ ಯಲ್ಲಮ್ಮನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಎಂದವರ ಮೇಲೆ ಚಪ್ಪಲಿ ಎಸೆದಳು. ಆಮೇಲೆ ಒಂದು ದಿನ ಸೊಸೆಯನ್ನು ಒಳಮನೆಗೆ ಕರೆದು, ಬಾಗಿಲು ಹಾಕಿಸಿ, ಕತ್ತರಿಯನ್ನು ಅವಳ ಮುಂದೆ ನೂಕಿದಳು. "ಒರಗ್ಡೆ ಬಾಯ್ಬಿಟ್ಟೀಯ, ಉಷಾರು." ಅಂದಿನಿಂದ ಬಾಗಿಲ ಹಿಂದೆ ಮಾಲಾ ಕತ್ತರಿಸುವುದು, ಯಲ್ಲಮ್ಮ ಬೈಯುವುದು. ಕೆಲಸ ಮುಗಿದ ಮೇಲೆ ಅತ್ತೆ ಬಾಗಿಲು ತೆಗೆದು, ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು, ಆಗಷ್ಟೇ ತಾನೇ ಕತ್ತರಿಸಿ ಮುಗಿಸಿದವಳಂತೆ ಜಗಲಿಯಲ್ಲಿ ಕೂತುಬಿಡುವಳು. ಆ ಗತ್ತು ನೋಡಿದರೆ ಮಾಲಾಗೆ ಸಿಟ್ಟು ನೆತ್ತಿಗೇರುತ್ತಿತ್ತು.

ತಿಥಿ ಸಾಂಗವಾಗಿಯೇ ನಡೆಯಿತು. ಎಡೆಗೆ ಮಾಲಾ ಮುದ್ದೆ, ಮಟನ್ ಸಾರು, ಎಲೆಅಡಿಕೆ, ಒಂದು ಚಿಟಿಕೆ ಕಡ್ಡಿಪುಡಿ ಇಟ್ಟಳು. ಭಾವನಾ ಬೇಕರಿಯಿಂದ ತಂದ ಮೊಟ್ಟೆಯಿಲ್ಲದ ಕೇಕು ಇಟ್ಟಳು. ಬದುಕಿದ್ದಾಗ ಯಲ್ಲಮ್ಮ ಕೇಕನ್ನು ಬಾಯಿಗಿಟ್ಟು "ಸ್ಪಂಜು" ಎಂದು ಉಗಿದಿದ್ದಳು. ಸತ್ತವರಿಗೆ ಉಗಿಯುವ ಅನುಕೂಲ ಇರುವುದಿಲ್ಲ.

ಊಟವಾಗಿ, ಎಲೆ ಎತ್ತಿ, ಕೈತೊಳೆದ ಹೆಂಗಸರು ಮನೆಗೆ ಹೋಗಲಿಲ್ಲ. ಒಬ್ಬೊಬ್ಬರಾಗಿ ಜಗಲಿಯ ಮುಂದೆ ಬಂದು ನಿಂತರು. ಮುಂದಾಳು ದ್ರೌಪದಮ್ಮ. ಮಹಿಳಾ ಹಾಲಿನ ಡೇರಿಯ ಅಧ್ಯಕ್ಷೆ, ಅರವತ್ತರ ಹತ್ತಿರದ, ಬಾಗಿಲಿಗೆ ಬಂದರೆ ಮನೆಯೊಳಗೆ ಬೆಳಕು ಕಮ್ಮಿಯಾಗುವಂಥ ಆಳು. ಅವಳು ಹೇಳಿದ ಕಡೆಗೆ ಊರ ಹೆಂಗಸರ ಓಟು ಬೀಳುತ್ತದೆಂದು ವಿಜಯ್ ಕುಮಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಓಡಿಬಂದು ಕುರ್ಚಿ ಹಾಕಿದ.

"ಇಜಿ, ನಿಮ್ಮವ್ವನ್ನ ಮಣ್ ಮಾಡ್ದೆ, ಸರಿ. ಅವ್ಳ ಜೊತ್ಗೆ ನಮ್ ರವ್ಕೆಗಳ್ನೂ ಮಣ್ ಮಾಡ್ಬುಟ್ಯಲ್ಲಪ್ಪ, ನಾವಿನ್ನೂ ಬದ್ಕಿದೀವಿ."

"ಯಾವ ರವಿಕೆ ದೊಡ್ಡಮ್ಮ?"

ಹಿಂದಿನಿಂದ ಮಲ್ಕಾ ಮೊಬೈಲು ಚಾಚಿದಳು. ಊರಿನ ಕೊನೆಯ ಬೀದಿಯವಳು, ಅವಳ ತಾಯಿಯ ಕಾಲದಿಂದಲೂ ಯಲ್ಲಮ್ಮನ ಗಿರಾಕಿ. "ಅಣ್ಣ, ನಿಮ್ಮ ಸ್ಟೇಟಸ್ ನೋಡಿ. ಅಮ್ಮಾವ್ರ ಕಿವಿ ಪಕ್ಕ ಮೆರೂನ್ ಕಾಣ್ತೈತಲ್ಲ, ಅದು ನಂದು. ನಿಖಾದಲ್ಲಿ ಹೊಲ್ಸಿದ್ದು. ಅದರಷ್ಟು ಸರಿಯಾಗಿ ಇನ್ಯಾವ್ದೂ ಕೂತಿಲ್ಲ ನಂಗೆ."

ವಿಜಯ್ ಕುಮಾರ್ ಮೊಬೈಲು ನೋಡಿದ, ಹೆಂಡತಿಯ ಮುಖ ನೋಡಿದ, ಪರಿಹಾರ ಹೊಳೆದವನಂತೆ ನಕ್ಕ. "ಅಯ್ಯೋ ಅಷ್ಟೇನಾ? ಎಲ್ಲರಿಗೂ ಹೊಸಾದು ತರಿಸಿಕೊಡ್ತೀನಿ. ಈಗ ಫ್ರೀ ಸೈಜ್ ಬರುತ್ತೆ, ಯಾರಿಗ್ ಬೇಕಾದ್ರೂ ಆಗುತ್ತೆ."

"ಫ್ರೀ ಸೈಜಾ?" ಎಂದಳು ದ್ರೌಪದಮ್ಮ. "ಎಲೆಕ್ಷನ್ ಬರ್ಲಿ, ನಾವೂ ಫ್ರೀ ಸೈಜ್ ಓಟ್ ಆಕ್ತೀವಿ, ಯಾರಿಗ್ ಬೇಕಾದ್ರೂ ಆಗ್ತದೆ."

ವಿಜಯ್ ಕುಮಾರನ ನಗು ಇಳಿಯಿತು. ಯಾರೋ ಹಿಂದಿನಿಂದ, ಇನ್ನೂ ಹನ್ನೊಂದೇ ದಿನ ತಾನೇ, ತೆಗೆಸಿ ನೋಡಿದರೆ ಆಗದೇ ಎಂದರು. ಅರ್ಧ ತಮಾಷೆ, ಅರ್ಧ ನಿಜ. ಅಷ್ಟು ಹೊತ್ತು ಕಂಬಕ್ಕೊರಗಿ ಕೂತಿದ್ದ ಚಿಕ್ಕಹನುಮಯ್ಯ ಬೆಚ್ಚಿಬಿದ್ದು, "ಬ್ಯಾಡಿ ತಾಯಿ, ಅವ್ವ ಎದ್ರೆ ನಿಮ್ನಲ್ಲ, ನಮ್ನ ಇಡ್ಕತಳೆ" ಎಂದು ಕೈಮುಗಿದ. ತಾಯಿ ಸತ್ತಿದ್ದಾಳೆಂಬ ನಂಬಿಕೆ ಅವನಿಗಿನ್ನೂ ಪೂರ್ತಿ ಬಂದಿರಲಿಲ್ಲ.

ಇದೇ ಹೊತ್ತಿಗೆ ಟೆಂಪೋ ಬಂತು. ಭಾವನಾಗೆ ಬದುಕಿದಂತಾಯಿತು. "ಅಕ್ಕ, ಮಿಷಿನ್ ಡ್ರಾಯರ್ ಸ್ವಲ್ಪ ಖಾಲಿ ಮಾಡ್ಕೊಡಿ, ಲೋಡ್ ಮಾಡಿಸ್ಬಿಡ್ತೀನಿ."

"ಎಲ್ಗೆ ಓಯ್ತದೆ ಮಿಷಿನ್ನು?" ದ್ರೌಪದಮ್ಮ ಕೇಳಿದಳು.

"ನಮ್ಮನೆಗೆ ಆಂಟಿ. ಅತ್ತೆ ನೆನಪಿಗೆ. ಅದರ ಮೇಲೆ ವಾಶ್‌ಬೇಸಿನ್ ಇಡಿಸ್ತಾ ಇದೀವಿ, ತುಂಬಾ ಕ್ಲಾಸಿ ಆಗಿರುತ್ತೆ."

"ಅಂದ್ರೆ ಊಟ ಮಾಡಿ ಬಾಯ್ ಮುಕ್ಕಳ್ಸಿ ಅದ್ರ ಮ್ಯಾಲ್ ಉಗಿಯಾದು."

ಭಾವನಾ ಟೆಂಪೋದಲ್ಲಿದ್ದ ಕೂಲಿಯವರಿಬ್ಬರನ್ನು ಕೈಸನ್ನೆ ಮಾಡಿ ಕರೆದಳು. ಹೆಂಗಸರು ನಗಲಿಲ್ಲ. ದ್ರೌಪದಮ್ಮ ನಿಟ್ಟುಸಿರು ಬಿಟ್ಟು ಮಂಡಿಯ ಮೇಲೆ ಕೈಯೂರಿ ಎದ್ದಳು. "ಓಗ್ಲಿ ಬುಡಿ. ಅಳ್ತೆ ಮಣ್ಣಾಯ್ತು, ಕತ್ರ್ಸೋಳು ಮಣ್ಣಾದ್ಲು. ಬರೀ ಮಿಷಿನ್ ಇಟ್ಕಂಡು ಏನ್ ಪೂಜೆ ಮಾಡಾದಾ? ನಾಳೆಯಿಂದ ಯಲಂಕಕ್ಕೋಗಿ ಯಾವ್ನೋ ಗಂಡ್ಸಿನ್ ಮುಂದೆ ಮೈ ಅಳ್ಸ್ಕಳಾದೆ ನಮ್ ಅಣೇಬರ."

ಮಾಲಾ ಮಿಷಿನ್ ಪಕ್ಕದಲ್ಲಿ ನಿಂತಿದ್ದಳು. ಕೂಲಿಯವರಿಬ್ಬರು ಜಗಲಿ ಹತ್ತಿ ಮಿಷಿನ್ ಎತ್ತಿದರು. ಅವಳು ಬಾಯಿ ತೆರೆದು ನಿಜ ಹೇಳಿದರೆ ಸಾಕಿತ್ತು, ಮಿಷಿನ್ ಉಳಿಯುತ್ತಿತ್ತು. ಎರಡು ವರ್ಷದಿಂದ ನಿಮ್ಮೆಲ್ಲರ ರವಿಕೆ ಕತ್ತರಿಸಿದವಳು ನಾನೇ, ಆ ಮುದುಕಿಗೆ ಕಣ್ಣೇ ಕಾಣುತ್ತಿರಲಿಲ್ಲ ಎಂದು. ಅದಕ್ಕಿಂತ ದೊಡ್ಡ ನಿಜವೂ ಇತ್ತು. ಬಾಗಿಲು ಹಾಕಿಕೊಂಡ ಮೊದಲ ದಿನ ಅವಳು ಜಗಲಿಯಿಂದ ಟ್ರಂಕು ತರಲು ಎದ್ದಾಗ ಅತ್ತೆ ಗದರಿದ್ದಳು.

"ಅದ್ಯಾಕೆ ಈಗ?"

"ದ್ರೌಪದಕ್ಕನ ಅಳತೆ ರವಿಕೆ ಬೇಡ್ವಾ ಅತ್ತೆ?"

"ಅದು ಅವ್ಳ ಮದ್ವೆ ಕಾಲದ್ದು. ಈಗ ಅವ್ಳ ತೋಳ್ಗೂ ಆಗಾಕಿಲ್ಲ. ಬಾಗ್ಲಾಗ್ ನಿಂತಿದ್ಲಲ್ಲ, ಎಷ್ಟು ಬಾಗ್ಲು ತುಂಬಿತ್ತು ಅಂತ ನೋಡ್ದೇನು? ಅದೇ ಅಳ್ತೆ. ನಲ್ವತ್ತೆರಡಕ್ಕೆ ಕತ್ರ್ಸು."

ನಲವತ್ತು ರವಿಕೆಯ ಆ ಗಂಟನ್ನು ಯಲ್ಲಮ್ಮ ಬಿಚ್ಚಿಯೇ ಇಪ್ಪತ್ತು ವರ್ಷವಾಗಿತ್ತು. ಬಸುರಿ, ಬಾಣಂತಿ, ಬೊಜ್ಜು, ಸಕ್ಕರೆ ಕಾಯಿಲೆ, ಅತ್ತೆಮನೆಯಲ್ಲಿ ಹೊಟ್ಟೆಗೆ ಸಿಗದೆ ಇಳಿದುಹೋದ ಮೈ, ಎಲ್ಲವನ್ನೂ ಬಾಗಿಲಲ್ಲಿ ನಿಂತಾಗಲೇ ಕಣ್ಣಲ್ಲಿ ಅಳೆದು, ಅದಕ್ಕೆ ತಕ್ಕಂತೆ ಹೊಲಿದು, ಕೊಡುವಾಗ, "ಅಷ್ಟೇ ಐತೆ ಕಣೆ, ಒಂದ್ ನೂಲೂ ಎಚ್ಚಿಲ್ಲ" ಎಂದು ಮುಖಕ್ಕೆ ಎಸೆಯುತ್ತಿದ್ದಳು. ಊರಿಗೆ ಊರನ್ನೇ ಬೈದವಳು, ಈ ಒಂದು ವಿಷಯದಲ್ಲಿ ಒಬ್ಬಳನ್ನೂ ನೋಯಿಸಿರಲಿಲ್ಲ. ಊರ ಹೆಂಗಸರೆಲ್ಲ ತಮ್ಮ ಮೈ ಮದುವೆಯಲ್ಲಿದ್ದಂತೆಯೇ ಇದೆಯೆಂದು ನಂಬಿ, ಎದೆ ಎತ್ತಿಕೊಂಡು ಡೇರಿಗೆ ಹೋಗಿಬರುತ್ತಿದ್ದರು.

ನಿಜ ಹೇಳಿದರೆ ಮಾಲಾಗೆ ಮಿಷಿನ್ ಸಿಗುತ್ತಿತ್ತು. ನಲವತ್ತು ಹೆಂಗಸರು ಮಾತ್ರ ಅವತ್ತು ಮನೆಗೆ ಹೋಗಿ ಕನ್ನಡಿ ನೋಡಿಕೊಂಡು ಅಳಬೇಕಾಗುತ್ತಿತ್ತು. ಅತ್ತೆಯ ಹೆಸರು ಹೇಳಿಕೊಂಡು ನಗುವವರು ನಗುತ್ತಿದ್ದರು. ಇಪ್ಪತ್ತೇಳು ವರ್ಷದ ಸಿಟ್ಟು ತೀರಿಸಿಕೊಳ್ಳಲು ಇಷ್ಟು ಒಳ್ಳೆಯ ಮುಹೂರ್ತ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಾತು ನಾಲಿಗೆ ತುದಿಯವರೆಗೆ ಬಂದಿತ್ತು ಕೂಡ.

"ಮಿಷಿನ್ ಕೆಳಗಿಡ್ರಪ್ಪ," ಎಂದಳು. "ಅಳತೆ ಎಲ್ಲಾ ನನ್ ಹತ್ರ ಐತೆ. ಅತ್ತೆ ಒಬ್ಬೊಬ್ಬರದೂ ಬಾಯಿಪಾಠ ಮಾಡ್ಸವ್ರೆ. ಕತ್ರ್ಸೋದ್ನೂ ಅವ್ರೇ ಕಲ್ಸವ್ರೆ."

"ಯಾವಾಗ?" ಚಿಕ್ಕಹನುಮಯ್ಯ ಬಾಯಿ ಬಿಟ್ಟ.

"ನೀವು ಹಾಲ್ ಕರೀತಿದ್ದಾಗ."

ದ್ರೌಪದಮ್ಮ ಕಣ್ಣು ಕಿರಿದು ಮಾಡಿದಳು. "ಅಂಗಾದ್ರೆ ನಂದೊಂದು ಒಲಿ ನೋಡಾಣ. ಈಗ್ಲೇ."

ಯಲ್ಲಮ್ಮನ ತವರಿನವರು ತಿಥಿಗೆ ತಂದಿದ್ದ ರವಿಕೆ ಕಣಗಳು ಒಳಗಿದ್ದವು. ಮಾಲಾ ಅದರಲ್ಲೊಂದು ಕಂದು ಬಣ್ಣದ್ದನ್ನು ತಂದು ಜಗಲಿಯ ಮೇಲೆ ಹಾಸಿದಳು. ಬಾಗಿಲು ಹಾಕದೆ, ಬೈಗುಳ ಇಲ್ಲದೆ ಅವಳು ಕತ್ತರಿ ಹಿಡಿದದ್ದು ಅದೇ ಮೊದಲು. ದ್ರೌಪದಮ್ಮನನ್ನು ಒಂದು ಸಲ, ಒಂದೇ ಸಲ, ಮೇಲಿಂದ ಕೆಳಗೆ ನೋಡಿದಳು. ಕಳೆದ ಯುಗಾದಿಗಿಂತ ಒಂದಿಂಚು ಏರಿದ್ದಾಳೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಲವತ್ತಮೂರಕ್ಕೆ ಕತ್ತರಿಸಿ, ಮಿಷಿನ್ನಿಗೆ ಕೂತಳು. ಮುಕ್ಕಾಲು ಗಂಟೆ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಟೆಂಪೋದವನು ಗಾಡಿಯಲ್ಲೇ ನಿದ್ದೆ ಹೋದ. ಕೇಕಿಗೆ ಇರುವೆ ಮುತ್ತಿತು.

ದ್ರೌಪದಮ್ಮ ರವಿಕೆ ತೆಗೆದುಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಸೆರಗು ಪಕ್ಕಕ್ಕೆ ಸರಿಸಿ, ಒಂದು ಸುತ್ತು ತಿರುಗಿ, ಎರಡೂ ಕೈ ಮೇಲೆತ್ತಿ ತೋರಿಸಿದಳು. ಎಲ್ಲೂ ಒಂದು ಸುಕ್ಕಿಲ್ಲ.

"ಎಷ್ಟಕ್ ಕತ್ರಿಸ್ದೆ?" ಎಂದು ಕೇಳಿದಳು.

"ನಿಮ್ ಮದ್ವೆ ಅಳತೆಗೇ ಅಕ್ಕ. ಒಂದ್ ನೂಲೂ ಹೆಚ್ಚಿಲ್ಲ."

"ನೋಡ್ರೇ!" ದ್ರೌಪದಮ್ಮ ಹೆಂಗಸರ ಕಡೆ ತಿರುಗಿದಳು. "ನಾಕ್ ಹೆತ್ರೂನೂವೆ!" ಆಮೇಲೆ ವಿಜಯ್ ಕುಮಾರನ ಕಡೆ ತಿರುಗಿ ನೋಡಿದಳು.

ವಿಜಯ್ ಕುಮಾರನಿಗೆ ಆ ಕ್ಷಣದಲ್ಲಿ ತಾಯಿಯ ಕೊನೆಯ ಆಸೆ ನೆನಪಾಯಿತು. "ಅತ್ತಿಗೆ, ಮಿಷಿನ್ ಈ ಜಗಲಿ ಬಿಟ್ಟು ಹೋಗಬಾರ್ದು ಅಂತ ಅಮ್ಮ ಯಾವಾಗಲೂ ಹೇಳ್ತಿದ್ರು. ನಾನೇ ಇವಳಿಗೆ ಎಷ್ಟು ಸಲ ಹೇಳಿದೀನಿ." ಹೇಳಿದವನು ಮಿಷಿನ್ ಪಕ್ಕ ನಿಂತು ಕೈಮುಗಿದು ಒಂದು ಫೋಟೋ ಕೂಡ ತೆಗೆಸಿಕೊಂಡ. ಭಾವನಾ ಟೆಂಪೋದವನನ್ನು ಎಬ್ಬಿಸಲು ಹೋದಳು.

ಹೆಂಗಸರು ಒಬ್ಬೊಬ್ಬರಾಗಿ ಹೊರಟರು. ಮಲ್ಕಾ ನಾಳೆಯೇ ಬಟ್ಟೆ ತರುವುದಾಗಿ ಹೇಳಿ ಹೋದಳು. ದ್ರೌಪದಮ್ಮ ಕೊನೆಯವಳು. ಮೆಟ್ಟಿಲಿಳಿಯುತ್ತಾ ನಿಂತು ತಿರುಗಿದಳು.

"ನಿಮ್ಮತ್ತೆ ನಿನ್ ಅಳ್ತೇನೂ ಅಂಗೇ ಏಳ್ತಿದ್ಲು ಕಣೆ. ನಮ್ ಮಾಲಂದು ಈ ಮನೆಗ್ ಬಂದಾಗ ಎಷ್ಟಿತ್ತೋ ಈಗ್ಲೂ ಅಷ್ಟೇ, ಒಂದ್ ನೂಲೂ ಎಚ್ಚಿಲ್ಲ ಅಂತ."

"ಅದು ನಿಜಾನೇ ಅಕ್ಕ," ಎಂದಳು ಮಾಲಾ. ಹೆಮ್ಮೆಯಿಂದಲೇ ಹೇಳಿದಳು. ಮೂವತ್ತೇ ಅವಳ ಅಳತೆ. ಇಂದಿಗೂ ಅಷ್ಟೇ.

ದ್ರೌಪದಮ್ಮ ಬೀದಿ ತಿರುಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಊರಿನ ನಲವತ್ತು ಮೈಯ ಲೆಕ್ಕ ಬಲ್ಲವಳಿಗೆ ತನ್ನ ರವಿಕೆಯನ್ನು ತಾನು ಒಂದು ದಿನವೂ ಹೊಲಿಯಲು ಕೈಗೆತ್ತಿಕೊಂಡಿಲ್ಲವೆಂಬುದು ಆಗ ಹೊಳೆಯಿತು. ಮಾಲಾಳ ರವಿಕೆಯನ್ನು ಕತ್ತರಿಸುವುದಷ್ಟೇ ಅಲ್ಲ, ಅದರ ಅಂಚು, ಹುಕ್ಕು, ಕಾಜ ಎಲ್ಲವನ್ನೂ ಯಲ್ಲಮ್ಮನೇ ಮಾಡುತ್ತಿದ್ದಳು. "ನಿನ್ ಕಾಜ ಸೊಟ್ಟ" ಎನ್ನುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ಅದೊಂದನ್ನು ಬಿಟ್ಟುಕೊಡಲಿಲ್ಲ. "ನಿಂದು ನಂಗೆ ಕಣ್ ಮುಚ್ಕಂಡ್ರೂ ಬತ್ತದೆ, ನೀನ್ ಓಗಿ ಅಸ ನೋಡೋಗು" ಎಂದು ಅಟ್ಟಿ, ಒಬ್ಬಳೇ ಕೂತು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿಯುತ್ತಿದ್ದಳು. ತನ್ನ ರವಿಕೆಗೂ ತನ್ನನ್ನು ನಂಬದ ಮುದುಕಿ ಎಂದು ಮಾಲಾ ಕೊಟ್ಟಿಗೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದಳು.

ಅವಳು ಡ್ರಾಯರಿನಿಂದ ಟೇಪು ತೆಗೆದುಕೊಂಡು ಒಳಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎದೆಗೆ ಸುತ್ತಿದಳು. ತಪ್ಪಿರಬೇಕೆಂದು ಉಸಿರು ಬಿಟ್ಟು ಇನ್ನೊಂದು ಸಲ ಸುತ್ತಿದಳು. ಮೂವತ್ತೆಂಟೂವರೆ.

ಹನ್ನೊಂದು ದಿನ ಬಾರದಿದ್ದ ಅಳು ಆಗ ಬಂತು. ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡರೂ ಹೊರಗೆ ಕೇಳಿಸುವಷ್ಟು ಜೋರಾಗಿ ಅತ್ತಳು.

"ಮಿಷಿನ್ ಸಿಕ್ತಲ್ಲ, ಇನ್ಯಾಕೆ ಅಳ್ತಿದ್ದಾರೆ ಅಕ್ಕ?" ಎಂದು ಭಾವನಾ ಕೇಳುವುದು ಕೇಳಿಸಿತು.

"ಅವ್ವನ್ನ ನೆನೆಸ್ಕಂಡು," ಎಂದ ಚಿಕ್ಕಹನುಮಯ್ಯ. ಹೆಂಡತಿಯ ವಿಷಯದಲ್ಲಿ ಅವನು ಇಪ್ಪತ್ತೇಳು ವರ್ಷದಲ್ಲಿ ಸರಿಯಾಗಿ ಹೇಳಿದ ಮೊದಲ ಮಾತು ಅದು.